ಆರೋ ಒಂಬತ್ತೋ: ನಮ್ಮೂರ ಶಾಸನದ ಇಸವಿ ಹುಡುಕಿದ್ದು

ನಮ್ಮೂರ ಕೆರೆ ಏರಿಯ ಪಕ್ಕ ಒಂದು ಶಾಸನದ ಕಲ್ಲಿದೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಹದಿನಾಲ್ಕು ಸಾಲು. ಚಿಕ್ಕಂದಿನಲ್ಲಿ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ಕೆಲಸದಿಂದ ನಿವೃತ್ತನಾದ ಮೇಲೆ ಶಾಸನ ಓದುವುದನ್ನು ಕಲಿತೆ. ಮೊದಲು ಓದಬೇಕು ಅನ್ನಿಸಿದ್ದು ಇದನ್ನೇ.

ಕಲ್ಲನ್ನು ನೀರಿನಿಂದ ತೊಳೆದು, ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಅಕ್ಷರಗಳಿಗೆ ಸೀಮೆಸುಣ್ಣ ತುಂಬಿದೆ. ಕೃಷ್ಣದೇವ ಮಹಾರಾಯರ ಹೆಸರು ಚೆನ್ನಾಗಿ ಕಾಣಿಸಿತು. ದೇವರ ದೀಪಕ್ಕೆ ಗದ್ದೆ ಬಿಟ್ಟ ವಿಷಯ. ಇಸವಿಯ ಜಾಗದಲ್ಲಿ ಶಕವರ್ಷ ೧೪೪೯, ಆಮೇಲೆ ಕಾರ್ತಿಕ ಶುದ್ಧ ೧೫ (ಅಂದರೆ ಹುಣ್ಣಿಮೆ), ಶುಕ್ರವಾರ. ನಡುವೆ ಸಂವತ್ಸರದ ಹೆಸರು ಇರಬೇಕಾದ ಕಡೆ ಪಾಚಿ ಕಟ್ಟಿ ಕಲ್ಲು ಚಕ್ಕೆ ಎದ್ದಿತ್ತು. ಅದನ್ನು ಬಿಟ್ಟುಬಿಟ್ಟೆ.

ಶಾಸನದಲ್ಲಿ ತಿಥಿಯ ಜೊತೆ ವಾರವನ್ನೂ ಹಾಕಿದ್ದರೆ ನಮಗೆ ಅದೃಷ್ಟ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಆ ವರ್ಷ ಆ ಹುಣ್ಣಿಮೆ ಯಾವ ವಾರ ಬಿತ್ತು ಅನ್ನುವುದನ್ನು ಚಂದ್ರನ ಲೆಕ್ಕದಿಂದ ಹೇಳಬಹುದು. ಮೊದಲೆಲ್ಲ ಇದಕ್ಕೆ ಸ್ವಾಮಿಕಣ್ಣು ಪಿಳ್ಳೈ ಅವರ 'ಇಂಡಿಯನ್ ಎಫೆಮೆರಿಸ್' ಕೋಷ್ಟಕಗಳೇ ಗತಿ. ಈಗ ಕಂಪ್ಯೂಟರ್ ಇದೆ. 1449ಕ್ಕೆ 78 ಕೂಡಿಸಿದರೆ 1527. ಆ ವರ್ಷದ ಕಾರ್ತಿಕ ಹುಣ್ಣಿಮೆ ಜೂಲಿಯನ್ ಲೆಕ್ಕದಲ್ಲಿ, ಅಂದರೆ ಆಗ ಯುರೋಪಿನಲ್ಲಿದ್ದ ಹಳೆಯ ಕ್ಯಾಲೆಂಡರಿನಲ್ಲಿ, ನವೆಂಬರ್ 8. ವಾರ ನೋಡಿದೆ. ಶುಕ್ರವಾರ! ಐನೂರು ವರ್ಷದ ಹಿಂದೆ ಉಳಿ ಹಿಡಿದವನು ಬರೆದ ವಾರವೇ ನನ್ನ ಪರದೆಯ ಮೇಲೂ ಬಂದಾಗ ಆದ ಸಂತೋಷವನ್ನು ಹೇಗೆ ಹೇಳಲಿ? ಓದಿದ್ದು ಸರಿ ಅಂತ ಪುಸ್ತಕದಲ್ಲಿ ಬರೆದುಕೊಂಡೆ.

ನನಗೆ ಲಿಪಿ ಕಲಿಸಿದ ಮೇಷ್ಟ್ರಿಗೆ ತೋರಿಸಿದೆ. ಅವರು ಫೋಟೋವನ್ನು ತುಂಬ ಹೊತ್ತು ನೋಡಿದರು. "ಈ ಕೊನೆಯ ಅಂಕಿ ಒಂಬತ್ತೇ ಅಂತ ಹೇಗೆ ಹೇಳ್ತೀರಿ? ಆರು ಆಗಿರಬಾರದಾ?" ಅಂದರು. "ವಾರ ಕೂಡಿ ಬಂತಲ್ಲ ಸಾರ್" ಅಂದೆ. "ಸರಿ. ಆರು ಅಂತ ಇಟ್ಟುಕೊಂಡು ಲೆಕ್ಕ ಹಾಕಿದ್ರಾ?"

ಹಾಕಿರಲಿಲ್ಲ. ಅಲ್ಲೇ ಕೂತು ಹಾಕಿದೆ. ಶಕ 1446, ಅಂದರೆ 1524. ಕಾರ್ತಿಕ ಹುಣ್ಣಿಮೆ ನವೆಂಬರ್ 11. ಅದೂ ಶುಕ್ರವಾರ!

ಇದು ಮಾಯೆಯಲ್ಲ. ಮೂರು ವರ್ಷಕ್ಕೆ ಮೂವತ್ತಾರು ಚಾಂದ್ರಮಾಸ, ನಡುವೆ ಒಂದು ಅಧಿಕ ಮಾಸ ಬಂದರೆ ಮೂವತ್ತೇಳು. ಅಷ್ಟು ಮಾಸಕ್ಕೆ ಸುಮಾರು 1092 ದಿನ, ಮೇಲೆ ಹದಿನೈದು ಗಂಟೆ. 156 ವಾರಕ್ಕೂ ಸರಿಯಾಗಿ 1092 ದಿನ. ಹಾಗಾಗಿ ಮೂರು ವರ್ಷದ ಅಂತರದಲ್ಲಿ ಅದೇ ತಿಥಿ ಅದೇ ವಾರಕ್ಕೆ ಬರುವುದು ಉಂಟು. ರಾಜನ ಹೆಸರೂ ಸಹಾಯಕ್ಕೆ ಬರಲಿಲ್ಲ. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ, ಎರಡು ವರ್ಷವೂ ಅದರೊಳಗೇ ಬರುತ್ತವೆ. ನಾನು ಸಾಕ್ಷಿ ಅಂದುಕೊಂಡಿದ್ದು ಎರಡು ಕಡೆಗೂ ಒಂದೇ ಮಾತು ಹೇಳುತ್ತಿತ್ತು.

"ಯಾವ ವಾರ ಬಂದಿದ್ರೆ ನಿಮ್ಮ ಓದು ತಪ್ಪು ಅಂತ ಒಪ್ತಿದ್ರಿ ಅಂತ ಮೊದಲೇ ಬರೆದಿಡಿ. ಬೇರೆ ಓದಿಗೆ ಯಾವ ವಾರ ಬರುತ್ತೆ ಅಂತಲೂ ಬರೆದಿಡಿ. ಆಮೇಲೆ ಲೆಕ್ಕ" ಅಂದರು ಮೇಷ್ಟ್ರು. ಆವತ್ತಿನಿಂದ ಹಾಗೇ ಮಾಡುತ್ತಿದ್ದೇನೆ.

ಉಳಿದದ್ದು ಪಾಚಿ ಹಿಡಿದ ಜಾಗ. ಮೊದಲು ಸೀಮೆಸುಣ್ಣ ಪೂರ್ತಿ ತೊಳೆದೆ. ಸುಣ್ಣ ತುಂಬಿದ್ದು ಕಲ್ಲಿನ ಗೆರೆಗಲ್ಲ, ನನ್ನ ಊಹೆಗೆ ಅಂತ ಆಗ ಗೊತ್ತಾಯಿತು. ಒಂಬತ್ತು ಅಂದುಕೊಂಡ ಕೈ ಒಂಬತ್ತರ ಬಾಲವನ್ನೇ ಬರೆದಿತ್ತು. ಹೊಸದಾಗಿ ಶಾಸನ ಓದುವವರಿಗೆ ನಾನು ಕೈ ಮುಗಿದು ಹೇಳುವುದು ಇದೊಂದೇ, ದಯವಿಟ್ಟು ಸುಣ್ಣ ತುಂಬಬೇಡಿ.

ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಮತ್ತೆ ಹೋದೆ. ಬೆಳಕನ್ನು ಎದುರಿಗೆ ಬಿಡಬಾರದು. ಕಲ್ಲಿನ ಮೈಗೆ ತಾಗಿಸಿದ ಹಾಗೆ ಪಕ್ಕದಿಂದ ಬಿಡಬೇಕು. ಆಗ ಸವೆದ ಗೆರೆಯಲ್ಲೂ ನೆರಳು ನಿಲ್ಲುತ್ತದೆ. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದೆ. ಚಕ್ಕೆ ಎದ್ದ ಜಾಗದ ಕೊನೆಯಲ್ಲಿ "ರಣ" ಅಂತ ಎರಡು ಅಕ್ಷರ ಎದ್ದು ಬಂದವು.

ಅರವತ್ತು ಸಂವತ್ಸರಗಳಲ್ಲಿ "ರಣ" ಅಂತ ಮುಗಿಯುವುದು ಎರಡೇ, ತಾರಣ ಮತ್ತು ಸಾಧಾರಣ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. 1446ಕ್ಕೆ 18 ಉಳಿಯುತ್ತದೆ, ಅದು ತಾರಣ. 1449ಕ್ಕೆ 21, ಸರ್ವಜಿತ್. ಸಾಧಾರಣ 44ನೆಯದು. 1440ರಿಂದ 1449ರೊಳಗೆ ಅದು ಬರುವುದೇ ಇಲ್ಲ. ಕಲ್ಲಿನಲ್ಲಿ ಉಳಿದ ಜಾಗವೂ ಒಂದೇ ಅಕ್ಷರದಷ್ಟು. ನನ್ನ ಒಂಬತ್ತು ಬಿದ್ದುಹೋಯಿತು.

ಇದನ್ನು ಮಗಳಿಗೆ ಹೇಳಿದೆ. ಅವಳು ಔಷಧಿ ಪ್ರಯೋಗಗಳ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. "ನಮ್ಮಲ್ಲಿ ಯಾರಿಗೆ ಯಾವ ಮಾತ್ರೆ ಹೋಗಿದೆ ಅಂತ ರೋಗಿಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ ಅಪ್ಪ. ಗೊತ್ತಿದ್ರೆ ಕಣ್ಣು ಅದನ್ನೇ ನೋಡುತ್ತೆ" ಅಂದಳು. ಅದೇ ಸೀಮೆಸುಣ್ಣದ ಮಾತು ಅಲ್ವಾ? ಈಗ ನಾವು ಮೂವರು ಒಂದೇ ಫೋಟೋವನ್ನು ಬೇರೆ ಬೇರೆ ಓದಿ, ಬರೆದು, ಆಮೇಲೆ ಹೋಲಿಸುತ್ತೇವೆ. ಮಗಳಿಗೆ ಹಳೆಯ ಲಿಪಿ ಅಷ್ಟಾಗಿ ಬಾರದು. ಅದಕ್ಕೇ ಅವಳ ಕಣ್ಣು ನಮಗೆ ಬೇಕು. ಅವಳು ಪದ ಊಹಿಸುವುದಿಲ್ಲ, ಗೆರೆ ಹೇಗಿದೆಯೋ ಹಾಗೆ ಎಳೆಯುತ್ತಾಳೆ.

ಆದರೆ ಔಷಧಿಯವರ ಹಾಗೆ ನಾವು ಪ್ರಯೋಗವನ್ನು ಮತ್ತೆ ಮಾಡಲಾರೆವು. 1524 ಇನ್ನೊಮ್ಮೆ ಬರುವುದಿಲ್ಲ. ನಮಗೆ ಆಕಾಶವೇ ಹೊರಗಿನ ಸಾಕ್ಷಿ, ಅದು ಯಾವ ರಾಜನ ಪಕ್ಷವನ್ನೂ ವಹಿಸುವುದಿಲ್ಲ. ಪಟ್ಟದಕಲ್ಲಿನಲ್ಲಿ ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕಾಲದ ಕಂಬಶಾಸನ ಒಂದು ಸೂರ್ಯಗ್ರಹಣವನ್ನು ಹೇಳುತ್ತದೆ. ಅದನ್ನು ಹಿಡಿದೇ ವಿದ್ವಾಂಸರು 754ರ ಜೂನ್ 25 ಎಂಬ ತಾರೀಖಿಗೆ ಬಂದರು. ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರದ ತಾಮ್ರಪಟ ತಾನು ಸರ್ಪಯಾಗದ ಜನಮೇಜಯನದೇ ಅನ್ನುತ್ತದೆ. ಅದರಲ್ಲೂ ಸೂರ್ಯಗ್ರಹಣ ಇದೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಲೆಕ್ಕ ಹಾಕಿದಾಗ ಸಿಕ್ಕಿದ್ದು 1521ರ ಏಪ್ರಿಲ್ 7. ಆ ತಾರೀಖನ್ನು ಮುಂದೆ ಎಲ್ಲರೂ ಒಪ್ಪಲಿಲ್ಲ. ಆದರೆ ಪಟ ಮಹಾಭಾರತದ ಕಾಲದ್ದು ಎಂಬ ಮಾತು ನಿಲ್ಲಲಿಲ್ಲ.

ಎಲ್ಲ ಕಲ್ಲಿಗೂ ಇಂಥ ಸಾಕ್ಷಿ ಇರುವುದಿಲ್ಲ. ಹಲ್ಮಿಡಿ ಶಾಸನದಲ್ಲಿ ಶಕವರ್ಷವೇ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬರ ಹೆಸರು ನೋಡಿ ಸುಮಾರು 450 ಅನ್ನುತ್ತಾರೆ. ಆ "ಸುಮಾರು" ತುಂಬ ಮುಖ್ಯ. ಭಾಷಣಗಳಲ್ಲಿ ಅದನ್ನು ಬಿಟ್ಟು ಬರೀ 450 ಅಂದಾಗ ನನಗೆ ಸಂಕಟವಾಗುತ್ತದೆ. ಲಿಪಿಯಿಂದ ಕಟ್ಟಿದ ಕಾಲ ಹತ್ತಾರು ವರ್ಷ ಆಚೆ ಈಚೆ ಆಗಬಹುದು. ಹುಣ್ಣಿಮೆ, ವಾರ, ಸಂವತ್ಸರ ಮೂರೂ ಕೂಡಿದ ಕಾಲ ಒಂದೇ ದಿನಕ್ಕೆ ನಿಲ್ಲುತ್ತದೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಬಾರದು.

ನಮ್ಮೂರ ಕಲ್ಲಿನ ಪಾಠವನ್ನು ಈಗ ಹೀಗೆ ಬರೆದಿಟ್ಟಿದ್ದೇನೆ: ಶಕ 1446, [ತಾ]ರಣ. ಸವೆದುಹೋದ "ತಾ"ಗೆ ಕಂಸ ಹಾಕಿದ್ದೇನೆ, ಅದು ನಾವು ತುಂಬಿದ್ದು ಅಂತ ಓದುವವರಿಗೆ ಗೊತ್ತಾಗಬೇಕು. ಹದಿಮೂರನೆಯ ಸಾಲಿನಲ್ಲಿ ಗದ್ದೆಯ ಹೆಸರಿದೆ. ಮೇಷ್ಟ್ರು ಅದನ್ನು "ಹೊಳೆಗದ್ದೆ" ಅಂತ ಓದುತ್ತಾರೆ, ನಾನು "ಹಳೆಗದ್ದೆ" ಅಂತ. ಮಗಳು ಎಳೆದ ಚಿತ್ರದಲ್ಲಿ ಒಕಾರದ ಜಾಗ ಖಾಲಿ ಇದೆ, ಕಲ್ಲು ಅಲ್ಲಿ ಒಡೆದಿದೆ. ಎರಡು ಓದನ್ನೂ ಪಕ್ಕಪಕ್ಕದಲ್ಲೇ ಬರೆದಿದ್ದೇವೆ. ಮಳೆಗಾಲ ಮುಗಿದ ಮೇಲೆ ಮತ್ತೆ ಟಾರ್ಚ್ ಹಿಡಿದು ಹೋಗಬೇಕು.