ಕಾರ್ಸೆಟ್ ತೊಡಲೂ ಬಿಚ್ಚಲೂ ಮೊದಲು ಲಾಡಿ ಸಡಿಲಿಸಿ

ಲೆಹೆಂಗಾ ಜೊತೆಗೆ ‘ಕಾರ್ಸೆಟ್ ಬ್ಲೌಸ್’ ಹೊಲಿಸಿಕೊಳ್ಳುವವರು ಈಗ ನಮ್ಮಲ್ಲೂ ಇದ್ದಾರೆ. ಅದು ಕಾರ್ಸೆಟ್ಟಿನ ವೇಷ ಹಾಕಿದ ರವಿಕೆ, ಅಷ್ಟೇ. ಇಲ್ಲಿ ಹೇಳಹೊರಟಿರುವುದು ಅದರ ಅಜ್ಜಿಯ ವಿಷಯ: ಒಳಗೆ ಸ್ಟೀಲ್ ಪಟ್ಟಿ ಕೂರಿಸಿ, ಬೆನ್ನಲ್ಲಿ ಲಾಡಿ ಎಳೆದು ಕಟ್ಟುವ, 19ನೇ ಶತಮಾನದ ಇಂಗ್ಲೆಂಡ್ ಹೆಂಗಸರು ತೊಡುತ್ತಿದ್ದ ಮಾದರಿಯ ಅಸಲಿ ಕಾರ್ಸೆಟ್. ನಾಟಕಕ್ಕೋ ಫೋಟೊಶೂಟಿಗೋ ಬರೀ ಖುಷಿಗೋ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವವರಿಗೆ ಇದು.

ಮೊದಲು ಟೇಪು

ನಿಮ್ಮ ಕುರ್ತಾ ‘ಮೀಡಿಯಂ’ ಎಂದು ಕಾರ್ಸೆಟ್ಟನ್ನೂ ಮೀಡಿಯಂ ತರಿಸಬೇಡಿ. ಇದರ ಸೈಜು ಇಂಚಿನಲ್ಲಿ ಇರುತ್ತದೆ. ಬೆನ್ನಿನ ಎರಡು ಅಂಚೂ ಕೂಡಿದಾಗ ಸೊಂಟದ ಸುತ್ತಳತೆ ಎಷ್ಟೋ ಅದೇ ನಂಬರು. ಪಕ್ಕಕ್ಕೆ ಬಾಗಿ ನೋಡಿ, ಮಡಿಕೆ ಬೀಳುವ ಜಾಗವೇ ಸೊಂಟ. ಜೀನ್ಸ್ ನಿಲ್ಲುವ ಜಾಗವಲ್ಲ. ಎದೆಯ ಕೆಳಗೆ, ಸೊಂಟದಲ್ಲಿ, ನಿತಂಬದ ಸುತ್ತ ಅಳೆಯಿರಿ. ಆಮೇಲೆ ಕುರ್ಚಿಯಲ್ಲಿ ಕೂತು ಎದೆಯ ಕೆಳಗಿನಿಂದ ತೊಡೆಯವರೆಗಿನ ಉದ್ದ. ಈ ಕೊನೆಯದನ್ನು ಬಿಟ್ಟವರೇ ‘ಕೂತರೆ ಪಕ್ಕೆಗೆ ಚುಚ್ಚುತ್ತದೆ’ ಎಂದು ಗೊಣಗುವುದು.

ಸೊಂಟ 32 ಇಂಚಾದರೆ ಮೊದಲ ಕಾರ್ಸೆಟ್ 28 ಇರಲಿ. ಗಾಬರಿ ಬೇಡ, ಬೆನ್ನಲ್ಲಿ ಸುಮಾರು 2 ಇಂಚು ತೆರವು ಬಿಟ್ಟೇ ಕಟ್ಟುವುದು ವಾಡಿಕೆ. ಮ್ಯೂಸಿಯಮ್ಮುಗಳಲ್ಲಿ 20 ಇಂಚಿನ ಕಾರ್ಸೆಟ್ ನೋಡಿ ‘ಅಯ್ಯೋ, ಆಗಿನವರ ಸೊಂಟವೇ!’ ಎಂದು ಬೆರಗಾಗುವವರು ಈ ತೆರವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಕೈಗೆ ಬಂದ ಮೇಲೆ ಪಟ್ಟಿ ಪರೀಕ್ಷಿಸಿ. ಪ್ಲಾಸ್ಟಿಕ್ ಆದರೆ ಮೈಬಿಸಿಗೇ ಸೊಟ್ಟಗಾಗಿ ಸೊಂಟದಲ್ಲಿ ಮುರುಟಿಕೊಳ್ಳುತ್ತದೆ. ಸ್ಟೀಲ್ ಬಗ್ಗಿಸಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅನುಮಾನವಿದ್ದರೆ ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ತಂದು ಹಿಡಿಯಿರಿ. ಹಿಂದೆ ಇಲ್ಲಿ ‘ತಿಮಿಂಗಿಲದ ಮೂಳೆ’ ಇರುತ್ತಿತ್ತು. ಹೆಸರಿಗಷ್ಟೇ ಮೂಳೆ, ಅದು ತಿಮಿಂಗಿಲದ ಬಾಯಲ್ಲಿ ಜರಡಿಯಂತೆ ತೂಗುವ, ನಮ್ಮ ಉಗುರಿನ ಜಾತಿಯ ವಸ್ತು.

ಲಾಡಿ ತೂತುಗಳ ಲೋಹದ ಬಳೆಗಳನ್ನೂ ನೋಡಿ. 1820ರ ದಶಕದ ಕೊನೆಗೆ ಅವು ಬರುವವರೆಗೆ ತೂತಿನ ಸುತ್ತ ದಾರದ ಹೊಲಿಗೆಯಷ್ಟೇ ಇರುತ್ತಿತ್ತು, ಜೋರಾಗಿ ಎಳೆದರೆ ಬಟ್ಟೆಯೇ ಹರಿಯುತ್ತಿತ್ತು. ಬಿಗಿಯಾಗಿ ಎಳೆಯುವ ಚಟಕ್ಕೆ ಕುಮ್ಮಕ್ಕು ಕೊಟ್ಟಿದ್ದು ಈ ಪುಟ್ಟ ಬಳೆಯೇ.

ತೊಡುವುದು

ಒಳಗೆ ತೆಳ್ಳನೆಯ ಹತ್ತಿ ಬನಿಯನ್ ಇರಲಿ, ಬೆವರು ಅದಕ್ಕೆ ಹೋಗಲಿ. ಲಾಡಿಯನ್ನು ಧಾರಾಳವಾಗಿ ಸಡಿಲಿಸಿ, ಆಮೇಲೆ ಸುತ್ತಿಕೊಳ್ಳಿ. ಮುಂದೆ ಎರಡು ಸ್ಟೀಲ್ ಪಟ್ಟಿಗಳಿರುತ್ತವೆ, ಬಸ್ಕ್ ಅಂತಾರೆ: ಒಂದರಲ್ಲಿ ಗುಂಡಿ, ಇನ್ನೊಂದರಲ್ಲಿ ಕುಣಿಕೆ. ಮೇಲಿನಿಂದ ಎರಡನೇ ಗುಂಡಿಯನ್ನು ಮೊದಲು ಸಿಕ್ಕಿಸಿದರೆ ಉಳಿದವು ತಾವಾಗಿ ಎದುರುಬದುರು ಬರುತ್ತವೆ. ಸೊಂಟದ ನೇರಕ್ಕೆ ಬೆನ್ನಲ್ಲಿ ಲಾಡಿಯ ಎರಡು ಉದ್ದ ಕುಣಿಕೆ ತೂಗುತ್ತಿರುತ್ತವೆ. ಮೇಲಿನ ಸಡಿಲವನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ, ಒಂದೊಂದೇ ಅಡ್ಡೆಳೆ ಬೆರಳಲ್ಲಿ ಎಳೆಯುತ್ತಾ ಅಲ್ಲಿಗೆ ತನ್ನಿ. ಕೊನೆಗೆ ಕುಣಿಕೆಗಳನ್ನು ಎಳೆದು ಶೂ ಲೇಸಿನ ಹಾಗೆ ಕಟ್ಟಿ. ಕನ್ನಡಿಗೆ ಬೆನ್ನು ತಿರುಗಿಸಿ ನೋಡಿ: ತೆರವು ಮೇಲಿಂದ ಕೆಳಗೆ ಒಂದೇ ಅಗಲವಿರಬೇಕು. ‘V’ ಆಕಾರವಿದ್ದರೆ ಮಾದರಿ ನಿಮ್ಮ ಮೈಗೆ ಒಪ್ಪಿಲ್ಲ, ಎಳೆದು ಸರಿಮಾಡಲಾಗದು.

ಮೊದಲ ಎರಡು ವಾರ ದಿನಕ್ಕೆ ಒಂದೆರಡು ಗಂಟೆ, ಅದೂ ಅಪ್ಪಿಕೊಂಡ ಹಾಗೆ ಇರುವಷ್ಟು ಬಿಗಿ ಮಾತ್ರ. ಹೊಸ ಚಪ್ಪಲಿ ಪಳಗಿಸಿದಂತೆ. ಉಸಿರು ಕಟ್ಟಿದರೆ, ಮರಗಟ್ಟಿದರೆ, ಎದೆಯುರಿ ಬಂದರೆ ಸಡಿಲಿಸಿ. ಗರ್ಭಿಣಿಯರು ತೊಡಬೇಡಿ, ಹರ್ನಿಯಾ, ಬಿಪಿ ಇದ್ದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಬಗ್ಗುವ ಬದಲು ಮಂಡಿ ಮಡಚಿ ಕೂರಿ. ಕೆಳಗೆ ಬಿದ್ದ ಮೊಬೈಲು ಎತ್ತುವಾಗ ಇದು ಚೆನ್ನಾಗಿ ಅರ್ಥವಾಗುತ್ತದೆ.

ಬಿಚ್ಚುವುದು, ಇಡುವುದು

ನನ್ನ ಮೊದಲ ಕಾರ್ಸೆಟ್ಟನ್ನು ಹಾಳು ಮಾಡಿದ್ದು ನಾನೇ. ನಾಟಕ ಮುಗಿದು ಊಟಕ್ಕೆ ಆತುರ. ಲಾಡಿ ಬಿಗಿಯಾಗಿರುವಾಗಲೇ ಮುಂದಿನ ಗುಂಡಿ ಬಿಚ್ಚಲು ಹೋದೆ. ಟಕ್ ಎಂದು ಒಂದು ಗುಂಡಿ ಕಿತ್ತುಬಂತು, ಪಟ್ಟಿ ಬಾಗಿತು. ಮಿತಿ ಮೀರಿ ಬಗ್ಗಿಸಿದರೆ ಸ್ಟೀಲೂ ಮತ್ತೆ ನೆಟ್ಟಗಾಗದು. ಮೊದಲು ಲಾಡಿ, ಆಮೇಲೆ ಗುಂಡಿ.

ಬಿಚ್ಚಿದ ಕೂಡಲೇ ಬೀರುವಿಗೆ ತುರುಕಬೇಡಿ. ಒಳಮೈ ಹೊರಗಾಗಿ ಕುರ್ಚಿಯ ಬೆನ್ನಿಗೆ ಹಾಕಿ, ನೆರಳಲ್ಲಿ ರಾತ್ರಿಯಿಡೀ ಆರಲಿ. ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಪಟ್ಟಿ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಗೆರೆ ಮೂಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಬರೀ ಹಸಿ ಗಾಳಿಯೇ ಸಾಕು. ಕಲೆಯಾದರೆ ಒದ್ದೆ ಬಟ್ಟೆಗೆ ಸ್ವಲ್ಪ ಸೋಪು ಹಚ್ಚಿ ಅಷ್ಟು ಜಾಗ ಒರೆಸಿ. ಪಾಶ್ಚಾತ್ಯ ರಂಗಮಂದಿರಗಳ ವಸ್ತ್ರ ವಿಭಾಗದವರು ಬೆವರಿನ ವಾಸನೆಗೆ ವೊಡ್ಕಾ ಚಿಮುಕಿಸುವುದುಂಟು. ಮನೆಯಲ್ಲಿ ಅದನ್ನು ಯಾಕೆ ತಂದಿರೆಂದು ವಿವರಿಸುವ ಜವಾಬ್ದಾರಿ ನಿಮ್ಮದು.

ಪಟ್ಟಿಯ ತುದಿ ಬಟ್ಟೆ ತೂತುಮಾಡಿ ಇಣುಕಿದರೆ ಎಸೆಯಬೇಕಾಗಿಲ್ಲ. ಒಳಕ್ಕೆ ತಳ್ಳಿ, ಮೇಲೆ ದಪ್ಪ ಬಟ್ಟೆ ಟೇಪಿನ ತುಂಡು ಇಟ್ಟು ಎರಡು ಸಾಲು ಹೊಲಿಗೆ ಹಾಕಿಸಿ. ಬೀದಿಯ ಟೈಲರಿಗೆ ಹತ್ತು ನಿಮಿಷದ ಕೆಲಸ. ಸೂಜಿ ಸ್ಟೀಲಿಗೆ ತಗುಲೀತು ಎಂದು ಮಾತ್ರ ಮೊದಲೇ ಹೇಳಿಬಿಡಿ.