ಇಂಗ್ಲಿಷ್ ತಪ್ಪಿನ ಕೆಳಗಿರುವ ಕನ್ನಡ ವಾಕ್ಯ

ಇಂಗ್ಲಿಷ್ ಕಲಿಯುವವರು ತಪ್ಪು ವಾಕ್ಯವೊಂದನ್ನು ತಂದು ‘ಇದರಲ್ಲಿ ಏನು ತಪ್ಪು?’ ಎಂದು ಕೇಳಿದಾಗ ನಾನು ವ್ಯಾಕರಣದ ನಿಯಮದಿಂದ ಶುರು ಮಾಡುವುದಿಲ್ಲ. ‘ಇದನ್ನೇ ಕನ್ನಡದಲ್ಲಿ ಹೇಗೆ ಹೇಳ್ತೀರಿ?’ ಎಂದು ಕೇಳಿ, ಆ ವಾಕ್ಯವನ್ನು ತಪ್ಪು ವಾಕ್ಯದ ಕೆಳಗೇ ಬರೆಸುತ್ತೇನೆ. ಎರಡನ್ನೂ ಒಟ್ಟಿಗೆ ನೋಡಿದರೆ ಬೇರು ಎಲ್ಲಿದೆ ಎಂಬುದು ಬಹಳ ಸಲ ಅವರಿಗೇ ಕಾಣುತ್ತದೆ. ನಿಯಮ ಹೇಳುವುದು ಆಮೇಲೆ.

ಎಲ್ಲಕ್ಕಿಂತ ಮೊದಲು ಹಿಡಿಯುವುದು ‘ಇಂದ’ ಪ್ರತ್ಯಯವನ್ನು. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯದ ಕೆಳಗೆ ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂದು ಬರೆಯಿರಿ. ಕನ್ನಡದಲ್ಲಿ ‘2019ರಿಂದ’ ಎಂದರೂ ‘ಐದು ವರ್ಷದಿಂದ’ ಎಂದರೂ ಪ್ರತ್ಯಯ ಒಂದೇ. ಇಂಗ್ಲಿಷಿಗೆ ಎರಡು ಪದ ಬೇಕು. ಕ್ಯಾಲೆಂಡರ್ ಅಥವಾ ಗಡಿಯಾರದ ಮೇಲೆ ಬೆರಳಿಟ್ಟು ‘ಇಲ್ಲಿಂದ’ ಎಂದು ತೋರಿಸಬಹುದಾದರೆ ಸಿನ್ಸ್: ಸಿನ್ಸ್ 2019, ಸಿನ್ಸ್ ಮಂಡೇ. ಎಷ್ಟು ಕಾಲ ಎಂದು ಅಳೆಯುವುದಾದರೆ ಫಾರ್: ಫಾರ್ ಫೈವ್ ಇಯರ್ಸ್, ಫಾರ್ ಟೆನ್ ಮಿನಿಟ್ಸ್.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ತಿದ್ದಿದಂತೆ. ಈ ಗಳಿಗೆಯಲ್ಲಿ ನಡೆಯುತ್ತಿರುವ ಕೆಲಸಕ್ಕೂ ಐದು ವರ್ಷದಿಂದ ನಡೆದುಬಂದ ಕೆಲಸಕ್ಕೂ ‘ಮಾಡುತ್ತಿದ್ದೇನೆ’ ಎಂಬ ಒಂದೇ ರೂಪ ಕನ್ನಡಕ್ಕೆ ಸಾಕು. ಇಂಗ್ಲಿಷಿನಲ್ಲಿ ಹಿಂದಿನಿಂದ ಬಂದು ಇನ್ನೂ ಮುಂದುವರಿದಿರುವುದಕ್ಕೆ ‘ಹ್ಯಾವ್ ಬೀನ್’ ಬರಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ಹಾಗೆಂದು ಫಾರ್ ಕಂಡಲ್ಲೆಲ್ಲ ಹ್ಯಾವ್ ಹಾಕಬಾರದು. ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಕೂಡ ಸರಿಯಾದ ವಾಕ್ಯವೇ. ಆ ಕೆಲಸ ಈಗ ಬಿಟ್ಟಿದ್ದೇನೆ ಎಂಬುದು ಅದರ ಅರ್ಥ.

ಹ್ಯಾವ್‌ನ ಇನ್ನೊಂದು ತೊಡಕು ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’. ಕನ್ನಡದಲ್ಲಿ ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂದರೆ ಯಾರ ಕಿವಿಗೂ ತಪ್ಪೆನಿಸದು. ಇಂಗ್ಲಿಷಿನಲ್ಲಿ ಮುಗಿದುಹೋದ ಕಾಲವನ್ನು ಹೆಸರಿಸಿದರೆ ಹ್ಯಾವ್ ಬಿಡಬೇಕು. ಯೆಸ್ಟರ್‌ಡೇ, ಲಾಸ್ಟ್ ವೀಕ್, ಇನ್ 2015, ಟೂ ಡೇಸ್ ಅಗೋ, ಇವು ಕಂಡರೆ ಬರೀ ‘ಐ ಸಾ ಹಿಮ್’.

ಎ ಮತ್ತು ದ ಬಗ್ಗೆ ಬರುವಷ್ಟು ಪ್ರಶ್ನೆ ಬೇರೆ ಯಾವುದರ ಬಗ್ಗೆಯೂ ಬರುವುದಿಲ್ಲ. ಕನ್ನಡದಲ್ಲಿ ಆರ್ಟಿಕಲ್ಲೇ ಇಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವ ವಿವರಣೆ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಆ ವ್ಯತ್ಯಾಸ ಕನ್ನಡಕ್ಕೂ ಗೊತ್ತು. ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’, ಎರಡನ್ನೂ ಜೋರಾಗಿ ಹೇಳಿ ನೋಡಿ. ಮೊದಲನೆಯದರಲ್ಲಿ ಯಾವುದೋ ಪುಸ್ತಕ, ಎರಡನೆಯದರಲ್ಲಿ ಇಬ್ಬರಿಗೂ ಗೊತ್ತಿರುವ ಪುಸ್ತಕ ಎಂಬ ಒಲವು ಕೇಳಿಸುತ್ತದೆ. ಹಾಗಾಗಿ ಆಡುಮಾತಿನಲ್ಲಿ ವಸ್ತುವಿಗೆ ‘ಅನ್ನು’ ತಾನಾಗಿ ಬಂದರೆ ದ ಹಾಕಿ ನೋಡಿ ಎನ್ನುತ್ತೇನೆ.

ಈ ಪರೀಕ್ಷೆ ಕೈಕೊಡುವ ಜಾಗಗಳೂ ಇವೆ. ಮನುಷ್ಯರಿಗೆ ‘ಅನ್ನು’ ಹೇಗೂ ಬೇಕೇ ಬೇಕು, ‘ಒಬ್ಬ ಹುಡುಗನನ್ನು ನೋಡಿದೆ’ ಎಂಬುದಕ್ಕೆ ‘ಎ ಬಾಯ್’ ಎಂದೇ ಬರಬೇಕು. ಗ್ರಾಂಥಿಕ ಬರಹದಲ್ಲಿ ‘ಅನ್ನು’ ಎಲ್ಲೆಲ್ಲೂ ಇರುತ್ತದೆ, ಅಲ್ಲಿ ಅದನ್ನು ನಂಬಬಾರದು. ‘ಬಾಗಿಲು ಹಾಕು’ ಎನ್ನುವಾಗ ‘ಅನ್ನು’ ಇಲ್ಲ, ಆದರೂ ಇಂಗ್ಲಿಷಿನಲ್ಲಿ ‘ಕ್ಲೋಸ್ ದ ಡೋರ್’. ಅಂದರೆ ‘ಅನ್ನು’ ಇದ್ದರೆ ದ ಕಡೆಗೆ ಸುಳಿವು, ಇಲ್ಲದಿದ್ದರೆ ಏನೂ ಹೇಳಲಾಗದು. ಆಗ ಎರಡನೆಯ ಪರೀಕ್ಷೆ: ನಾಮಪದದ ಮುಂದೆ ‘ಯಾವುದೋ ಒಂದು’ ಸೇರಿಸಿದರೆ ಅರ್ಥ ಕೆಡದಿದ್ದರೆ ಎ, ‘ಅದೇ, ನಿಮಗೆ ಗೊತ್ತಿರೋದು’ ಎಂದು ಸೇರಿಸಬಹುದಾದರೆ ದ. ಎರಡೂ ಹೊಂದದೆ ಮಾತು ಆ ಜಾತಿಗೆಲ್ಲ ಅನ್ವಯಿಸುವಂತಿದ್ದು, ಪದ ಬಹುವಚನವೋ ಎಣಿಸಲಾಗದ್ದೋ ಆಗಿದ್ದರೆ ಏನೂ ಬೇಡ: ‘ಲೈಫ್ ಈಸ್ ಹಾರ್ಡ್’. ವೃತ್ತಿಯ ವಿಚಾರ ಮಾತ್ರ ಬಾಯಿಪಾಠ ಮಾಡಿಸುವುದೇ. ‘ಅವಳು ಡಾಕ್ಟರ್’ ಎಂಬಲ್ಲಿ ಕನ್ನಡ ‘ಒಬ್ಬ’ಳನ್ನು ಕೇಳುವುದಿಲ್ಲ, ಇಂಗ್ಲಿಷ್ ಎ ಬಿಡುವುದಿಲ್ಲ.

ಎ, ಆ್ಯನ್ ನಡುವೆ ಆರಿಸುವುದು ಅಕ್ಷರ ನೋಡಿ ಅಲ್ಲ, ಸದ್ದು ಕೇಳಿ. ‘ಎ ಯುನಿವರ್ಸಿಟಿ’, ‘ಆ್ಯನ್ ಅವರ್’, ‘ಆ್ಯನ್ ಎಂಬಿಎ’. ಇಷ್ಟು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ನಮ್ಮ ನಾಲಿಗೆ ಪದದ ಮೊದಲಿನ ‘ಎ’ಗೆ ಯಕಾರವನ್ನೂ ‘ಒ’ಗೆ ವಕಾರವನ್ನೂ ಸದ್ದಿಲ್ಲದೆ ಅಂಟಿಸುತ್ತದೆ: ‘ಯೆಲ್ಲಿ’, ‘ವೊಂದು’. ಎಗ್ ಎಂಬುದನ್ನು ‘ಯೆಗ್’ ಎಂದು ಉಚ್ಚರಿಸುವವರಿಗೆ ಕಿವಿ ‘ಎ ಯೆಗ್’ ಎಂದೇ ಸಲಹೆ ಕೊಡುತ್ತದೆ! ಅಂಥವರಿಗೆ ಮೊದಲು ಉಚ್ಚಾರ ತಿದ್ದಬೇಕು, ಆಮೇಲೆ ಆ್ಯನ್.

‘ಐ ಡಿಡ್ ನಾಟ್ ವೆಂಟ್’ ತಪ್ಪಿಗೆ ಕನ್ನಡವೇ ಮದ್ದು. ‘ಹೋದೆ’ ಎಂಬುದನ್ನು ಅಲ್ಲಗಳೆಯುವಾಗ ‘ಹೋದಲಿಲ್ಲ’ ಎನ್ನುತ್ತೇವೆಯೇ? ‘ಹೋಗಲಿಲ್ಲ’ ಎನ್ನುತ್ತೇವೆ. ಭೂತಕಾಲದ ಗುರುತು ಕ್ರಿಯಾಪದದಿಂದ ಜಾರಿಹೋಗುತ್ತದೆ. ಇಂಗ್ಲಿಷಿನಲ್ಲೂ ಡಿಡ್ ಬಂದೊಡನೆ ಕ್ರಿಯಾಪದ ಮೂಲರೂಪಕ್ಕೆ ಇಳಿಯುತ್ತದೆ: ‘ಡಿಡ್ ನಾಟ್ ಗೋ’. ಇದನ್ನು ಒಮ್ಮೆ ಕಂಡವರು ನಿಯಮ ಬಾಯಿಪಾಠ ಮಾಡಬೇಕಾಗಿಲ್ಲ.

‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಎಂಬುದು ‘ಅರ್ಥ ಆಗ್ತಾ ಇಲ್ಲ’ ಎಂಬುದರ ನೇರ ನೆರಳು. ‘ಕೇಳಿಸ್ತಾ ಇದೆ’ ಹಾಗೆಯೇ ‘ಐ ಆ್ಯಮ್ ಹಿಯರಿಂಗ್ ಯು’ ಆಗುತ್ತದೆ. ತಿಳಿಯುವುದು, ನಂಬುವುದು, ಬೇಕೆನಿಸುವುದು, ಹೊಂದಿರುವುದು ಇಂಥವು ಸ್ಥಿತಿಗಳು, ಇಂಗ್ಲಿಷ್ ಸಾಮಾನ್ಯವಾಗಿ ಇವುಗಳಿಗೆ ಇಂಗ್ ಹಚ್ಚುವುದಿಲ್ಲ. ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’, ‘ಐ ಕ್ಯಾನ್ ಹಿಯರ್ ಯು’, ‘ಐ ಹ್ಯಾವ್ ಟೂ ಬ್ರದರ್ಸ್’. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿ, ಏಕೆಂದರೆ ಅಲ್ಲಿ ಹ್ಯಾವ್ ಎಂದರೆ ಊಟ ಮಾಡುವ ಕೆಲಸ.

ಅಬೌಟ್, ಆನ್, ವಿತ್‌ನಂಥ ಪ್ರಿಪೊಸಿಷನ್‌ಗಳ ಗೋಜಲಿಗೆ ತರ್ಕ ಹುಡುಕಬೇಡಿ, ಪಟ್ಟಿಯೇ ಗತಿ. ‘ಬಗ್ಗೆ ಚರ್ಚಿಸು’ ಎಂಬುದು ‘ಡಿಸ್ಕಸ್ ಅಬೌಟ್’ ಆಗುತ್ತದೆ, ಅಬೌಟ್ ಬೇಡ. ‘ಜೊತೆ ಮದುವೆ’ ಎಂಬುದು ‘ಮ್ಯಾರೀಡ್ ವಿತ್’ ಆಗುತ್ತದೆ, ‘ಮ್ಯಾರೀಡ್ ಟು’ ಎನ್ನಬೇಕು. ‘ನನ್ನ ಮೇಲೆ ಕೋಪ’ಕ್ಕೆ ‘ಆ್ಯಂಗ್ರಿ ವಿತ್ ಮಿ’. ‘ನನಗೆ ವಿವರಿಸಿ’ ಎಂಬುದಕ್ಕೆ ‘ಎಕ್ಸ್‌ಪ್ಲೇನ್ ಮಿ’ ಸಲ್ಲದು, ‘ಎಕ್ಸ್‌ಪ್ಲೇನ್ ಟು ಮಿ’. ‘ಮಾಹಿತಿಗಳು’, ‘ಸಲಹೆಗಳು’ ಕನ್ನಡದಲ್ಲಿ ಸಲೀಸು, ಇನ್‌ಫರ್ಮೇಶನ್ ಮತ್ತು ಅಡ್ವೈಸ್‌ಗೆ ಬಹುವಚನವಿಲ್ಲ. ಅನುಮಾನ ಬಂದಾಗ ಕಲಿಯುವವರಿಗೆಂದೇ ಮಾಡಿದ ನಿಘಂಟು ತೆರೆಯಿರಿ, ಎಣಿಸಬಹುದಾದ ನಾಮಪದಕ್ಕೆ ಸಿ, ಎಣಿಸಲಾಗದ್ದಕ್ಕೆ ಯು ಎಂಬ ಗುರುತು ಅಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೂ, ಹೂಮ್ ವ್ಯತ್ಯಾಸವನ್ನೂ ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಹುದೇ ಎಂಬ ಜಗಳವನ್ನೂ ಮೇಲಿನ ತಪ್ಪುಗಳು ಹೋಗುವವರೆಗೆ ಮುಟ್ಟಬೇಡಿ.

ಅಭ್ಯಾಸದ ಪುಸ್ತಕ ಹೀಗೆ: ಪುಟಕ್ಕೊಂದು ಬಗೆಯ ತಪ್ಪು, ಮೂರು ಕಾಲಂ. ಎಡಕ್ಕೆ ಬಾಯಿಂದ ಬಂದ ತಪ್ಪು ವಾಕ್ಯ, ನಡುವೆ ಅದರ ಕನ್ನಡ, ಬಲಕ್ಕೆ ಸರಿಯಾದದ್ದು. ತಪ್ಪಿದ ಪದಕ್ಕೂ ಅದಕ್ಕೆ ಕಾರಣವಾದ ಕನ್ನಡ ಪ್ರತ್ಯಯಕ್ಕೂ ಒಂದೇ ಬಣ್ಣದಲ್ಲಿ ಗೆರೆ. ಅದರ ಕೆಳಗೆ ಅದೇ ಮಾದರಿಯ ಐದು ಹೊಸ ವಾಕ್ಯ, ಬರೆದ ಮೇಲೆ ಗಟ್ಟಿಯಾಗಿ ಓದಬೇಕು. ವಾರಕ್ಕೆ ಎರಡು ಬಗೆಗಿಂತ ಹೆಚ್ಚು ಹಿಡಿದರೆ ಬಾಯಿ ತೆರೆಯುವ ಮೊದಲೇ ತಡವರಿಕೆ ಶುರುವಾಗುತ್ತದೆ, ಅದು ತಪ್ಪಿಗಿಂತ ಕೆಟ್ಟದ್ದು. ತಪ್ಪು ವಾಕ್ಯವನ್ನು ಮಾತ್ರ ಓದಬಾರದು, ಓದಿದರೆ ಅದೇ ಕಿವಿಯಲ್ಲಿ ಕೂರುತ್ತದೆ. ಎಡಗಡೆಯ ಕಾಲಮ್ಮನ್ನು ಕೈಯಿಂದ ಮುಚ್ಚಿ, ನಡುವಿನ ಕನ್ನಡ ನೋಡಿ, ಬಲಗಡೆಯದನ್ನು ಹೇಳುವುದು ಅಭ್ಯಾಸ. ಮೂರು ವಾರ ಆ ತಪ್ಪು ಮರಳದಿದ್ದರೆ ಪುಟಕ್ಕೆ ಅಡ್ಡಗೆರೆ. ಮರಳಿದರೆ ದಿನಾಂಕ ಹಾಕಿ, ಮತ್ತೆ ಐದು ವಾಕ್ಯ.