ಅಪ್ಪನ ಜೀಪಿನ ಸ್ಟೀರಿಂಗ್ ನಾನೇ ಬಿಚ್ಚಿದೆ

ನಮ್ಮದು 1975ರ ಮಹೀಂದ್ರಾ ಸಿಜೆ-3ಬಿ, ಪೆಟ್ರೋಲ್ ಜೀಪು. ಸಂಡೂರಿನ ಗಣಿ ಗುತ್ತಿಗೆದಾರರೊಬ್ಬರಿಂದ ಅಪ್ಪ ಅದನ್ನು ಕೊಂಡಾಗ ಬಾನೆಟ್ಟಿನೊಳಗೆ, ಸೀಟಿನ ಕೆಳಗೆ, ಕೈ ಹಾಕಿದಲ್ಲೆಲ್ಲ ಅದಿರಿನ ಕೆಂಪು ಧೂಳು. ಮೂವತ್ತು ವರ್ಷ ತೊಳೆದ ಮೇಲೂ ಆ ಕೆಂಪು ಎಲ್ಲಿ ಅಡಗಿ ಕುಳಿತಿತ್ತು ಎಂಬುದು ನನಗೆ ಗೊತ್ತಾದದ್ದು ಸ್ಟೀರಿಂಗ್ ಕಾಲಂ, ಅಂದರೆ ಸ್ಟೀರಿಂಗ್ ಚಕ್ರದ ಕೆಳಗಿನ ಕೊಳವೆ, ಬಿಚ್ಚಿದ ದಿನ.

ಮೊದಲು ಕಂಡ ತೊಂದರೆ ಸಡಿಲ. ಸ್ಟೀರಿಂಗ್ ಚಕ್ರ ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಕೊಳವೆಯೊಳಗೆ ಕಟಕಟ ಸದ್ದು ಬರುತ್ತಿತ್ತು. ನಾಲ್ಕು ಬೆರಳಿನಷ್ಟು ತಿರುಗಿಸಿದರೂ ಮುಂದಿನ ಗಾಲಿ ಮಿಸುಕುತ್ತಿರಲಿಲ್ಲ. ಬಳ್ಳಾರಿಯ ಒಂದು ಗ್ಯಾರೇಜಿಗೆ ಕೊಟ್ಟೆ. ಅರ್ಧ ಗಂಟೆಯಲ್ಲಿ, ಚಕ್ರದ ತಿರುವನ್ನು ಗಾಲಿಗಳತ್ತ ದಾಟಿಸುವ ಸ್ಟೀರಿಂಗ್ ಬಾಕ್ಸಿನ ಪಕ್ಕದ ಸ್ಕ್ರೂ ಬಿಗಿದು ಕೊಟ್ಟರು. ಪ್ಲೇ, ಅಂದರೆ ಆ ಸಡಿಲ, ಹೋಯಿತು, ನಿಜ. ಆದರೆ ಅದೇ ವಾರ ಕುಡಿತಿನಿ ದಾಟಿ ಒಂದು ತಿರುವಿನಲ್ಲಿ ಚಕ್ರ ತಿರುಗಿಸಿದವನು ಕೈ ಸಡಿಲಿಸಿದರೆ ಅದು ಮರಳಿ ನೇರಕ್ಕೆ ಬರಲೇ ಇಲ್ಲ. ಎದುರಿಗೆ ಲಾರಿ ಬರುತ್ತಿತ್ತು. ಎರಡೂ ಕೈಯಿಂದ ಎಳೆದು ಜೀಪನ್ನು ನನ್ನ ಪಕ್ಕಕ್ಕೆ ತಂದೆ. ಹೆಂಡತಿ ಪಕ್ಕದಲ್ಲಿದ್ದಳು. ಸರಿಹೋಗುವ ತನಕ ಜೀಪು ಮನೆಯಂಗಳ ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಈ ಜೀಪುಗಳ ಬಾಕ್ಸಿನ ರಚನೆ ತಿಳಿದರೆ ಆ ಸ್ಕ್ರೂ ಏಕೆ ಅಪಾಯಕಾರಿ ಎಂಬುದು ಅರ್ಥವಾಗುತ್ತದೆ. ಸ್ಟೀರಿಂಗ್ ಶಾಫ್ಟಿನ ಕೆಳತುದಿಯಲ್ಲಿ ಸುರುಳಿ ತೋಡಿರುವ ಕ್ಯಾಮ್ ಇದೆ. ಡ್ರಾಪ್ ಆರ್ಮ್ (ಬಾಕ್ಸಿನಿಂದ ಹೊರಬರುವ ತೋಳು) ಕೂರುವ ಶಾಫ್ಟಿನ ಎರಡು ಮೊನಚು ಪಿನ್ನುಗಳು ಆ ತೋಡಿನೊಳಗೆ ಓಡಾಡುತ್ತವೆ, ಪಕ್ಕದ ಸ್ಕ್ರೂ ಬಿಗಿದಷ್ಟೂ ಇನ್ನೂ ಒಳಕ್ಕೆ ಒತ್ತುತ್ತವೆ. ತೋಡನ್ನು ನಡುಭಾಗದಲ್ಲಿ ಬೇಕೆಂದೇ ತುಸು ಇಕ್ಕಟ್ಟಾಗಿ ಕೊರೆದಿರುತ್ತಾರೆ, ನೇರ ಓಡುವಾಗ ಪ್ಲೇ ಕಡಿಮೆಯಿರಲಿ ಎಂದು. ಆದ್ದರಿಂದ ಸ್ಕ್ರೂ ಬಿಗಿಯುವುದಾದರೆ ಗಾಲಿ ನೇರವಿದ್ದಾಗಲೇ ಬಿಗಿಯಬೇಕು. ಚಕ್ರ ಒಂದು ಕಡೆಗೆ ತಿರುಗಿದ್ದಾಗ ಪ್ಲೇ ತೆಗೆದರೆ ನಡುವಿಗೆ ಬಂದಾಗ ಪಿನ್ನು ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬೇರೆಲ್ಲೋ ಇರುವ ಸಡಿಲವನ್ನು ಈ ಸ್ಕ್ರೂವಿನಿಂದ ಮುಚ್ಚಬಾರದು.

ನನ್ನ ನೆರವಿಗೆ ಬಂದವರು ನಮ್ಮ ಓಣಿಯಲ್ಲೇ ಇರುವ ಉಸ್ತಾದರು. ಕಣ್ಣು ಮಂದವಾದದ್ದರಿಂದ ಮೆಕ್ಯಾನಿಕ್ ಕೆಲಸ ಬಿಟ್ಟಿದ್ದಾರೆ. ಕುರ್ಚಿ ಹಾಕಿಕೊಂಡು ಬೇವಿನ ನೆರಳಿನಲ್ಲಿ ಕುಳಿತರು. "ಮೊದಲು ಗಾಲಿಗೂ ಚಕ್ರಕ್ಕೂ ಇರುವ ಸಂಬಂಧ ಕಡಿ. ಆಮೇಲೆ ಜಗಳ ಯಾರದು ಅಂತ ನೋಡೋಣ" ಎಂದರು.

ಮುಂಭಾಗಕ್ಕೆ ಜಾಕ್ ಕೊಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಡ್ರ್ಯಾಗ್ ಲಿಂಕಿನ (ಡ್ರಾಪ್ ಆರ್ಮಿನಿಂದ ಗಾಲಿಗಳತ್ತ ಹೋಗುವ ಸರಳು) ಕಾಟರ್ ಪಿನ್ ತೆಗೆದು ತುದಿಯ ಪ್ಲಗ್ ಬಿಚ್ಚಿ ಡ್ರಾಪ್ ಆರ್ಮಿನಿಂದ ಬೇರೆ ಮಾಡಿದೆ. ಗಾಲಿಗಳನ್ನು ಕೈಯಿಂದ ತಿರುಗಿಸಿದರೆ ಬೆಣ್ಣೆಯಂತೆ ಹೊರಳಿದವು. ಚಕ್ರ ಮಾತ್ರ ಹಾಗೆಯೇ ಬಿಗಿ. ಅಂದರೆ ಗಾಲಿಗಳು ಹೊರಳುವ ಕೀಲುಗಳಾದ ಕಿಂಗ್ ಪಿನ್‌ಗಳದ್ದಲ್ಲ, ದೋಷ ಕಾಲಂನಲ್ಲೋ ಬಾಕ್ಸಿನಲ್ಲೋ ಇದೆ. (ಲಿಂಕ್ ಬಿಚ್ಚಿದಾಗ ಚಕ್ರವನ್ನು ಕೊನೆಯವರೆಗೆ ರಭಸದಿಂದ ತಿರುಗಿಸಬೇಡಿ. ಪಿನ್ನುಗಳು ತೋಡಿನ ತುದಿಗೆ ಬಡಿದು ಹಾಳಾಗುತ್ತವೆ.)

ಗ್ಯಾರೇಜಿನವರು ಬಿಗಿದಿದ್ದ ಸ್ಕ್ರೂವನ್ನು ಪೂರ್ತಿ ಸಡಿಲಿಸಿದೆ. ಬಿಗಿತ ಸ್ವಲ್ಪ ಇಳಿಯಿತು, ಹೋಗಲಿಲ್ಲ. "ಡ್ಯಾಶ್‌ಬೋರ್ಡಿನ ಕೆಳಗಿನ ಕ್ಲ್ಯಾಂಪ್ ಬಿಚ್ಚು" ಎಂದರು ಉಸ್ತಾದರು. ಎರಡನೆಯ ಬೋಲ್ಟ್ ಬಿಚ್ಚುತ್ತಿದ್ದಂತೆ ಇಡೀ ಕಾಲಂ ಟಣ್ಣನೆ ಬಲಕ್ಕೆ ಸರಿಯಿತು, ಹೆಚ್ಚುಕಡಿಮೆ ಒಂದು ಬೆರಳಿನಷ್ಟು. ಚಕ್ರ ಹಿಡಿದು ನೋಡಿದೆ. ಹಗುರ!

ಇಷ್ಟು ವರ್ಷ ಆ ಕಾಲಂ ಬಾಗಿಕೊಂಡೇ ಬದುಕಿತ್ತು. ಹಿಂದೆ ಎಂದೋ ಬಾಕ್ಸ್ ಇಳಿಸಿ ಏರಿಸಿದವರು ಮೊದಲು ಕ್ಲ್ಯಾಂಪ್ ಬಿಗಿದು, ಆಮೇಲೆ ಬಾಕ್ಸನ್ನು ಚಾಸಿಗೆ ಹಿಡಿಯುವ ಬೋಲ್ಟ್‌ಗಳನ್ನು ಬಿಗಿದಿರಬೇಕು. ಹಾಗಾಗಿ ಬಾಕ್ಸ್ ಒಂದು ದಿಕ್ಕಿಗೆ, ಕ್ಲ್ಯಾಂಪ್ ಇನ್ನೊಂದು ದಿಕ್ಕಿಗೆ ಎಳೆಯುತ್ತಿದ್ದವು. ಶಾಫ್ಟು ನೇರವಾಗಲು ಒದ್ದಾಡಿ ಮೇಲಿನ ಬೇರಿಂಗನ್ನು ಒಂದೇ ಪಕ್ಕಕ್ಕೆ ಒತ್ತುತ್ತಿತ್ತು.

ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಹಾರ್ನಿನ ತಂತಿ ಕಾಲಂ ಒಳಗಿನಿಂದಲೇ ಬರುವುದರಿಂದ ಬ್ಯಾಟರಿಯ ತಂತಿ ಬಿಡಿಸಿ, ಚಕ್ರಕ್ಕೂ ಶಾಫ್ಟಿಗೂ ಸೆಂಟರ್ ಪಂಚಿನಿಂದ ಗುರುತು ಹಾಕಿ, ಪುಲ್ಲರ್ ಕಟ್ಟಿ ಚಕ್ರ ಎಳೆದೆ. ಸುತ್ತಿಗೆಯಿಂದ ಶಾಫ್ಟಿನ ತಲೆಗೆ ಹೊಡೆದು ತೆಗೆಯುವವರನ್ನು ನೋಡಿದ್ದೇನೆ. ಆ ಪೆಟ್ಟು ನೇರ ಬಾಕ್ಸಿನ ಬೇರಿಂಗಿಗೆ ಇಳಿಯುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನ ಬೇರಿಂಗ್ ಹೊರಬಂದಾಗ ಅದರ ಗ್ರೀಸು ಗ್ರೀಸಾಗಿ ಉಳಿದಿರಲಿಲ್ಲ, ಕೆಮ್ಮಣ್ಣಿನ ಮುದ್ದೆಯಾಗಿತ್ತು. ಅದಿರಿನ ಧೂಳು ಗ್ರೀಸಿನೊಂದಿಗೆ ಸೇರಿದರೆ ಉಕ್ಕನ್ನೂ ಅರೆಯುತ್ತದೆ. ಡೀಸೆಲ್ಲಿನಲ್ಲಿ ತೊಳೆದು ನೋಡಿದರೆ ಹೊರ ಬಳೆಯ ಬಲಭಾಗ ಮಾತ್ರ ಉಗುರು ಸಿಕ್ಕುವಷ್ಟು ಸವೆದಿತ್ತು. ಬೇರಿಂಗನ್ನು ಒತ್ತಿ ಹಿಡಿಯಬೇಕಾದ ಸ್ಪ್ರಿಂಗ್ ಇರಲೇ ಇಲ್ಲ. ಮೊದಲ ದಿನದ ಕಟಕಟ ಸದ್ದಿನ ಮೂಲ ಇದೇ. ಗುಜರಿಗೆ ಬಂದಿದ್ದ ಇನ್ನೊಂದು ಜೀಪಿನಿಂದ ಸ್ಪ್ರಿಂಗ್ ಸಿಕ್ಕಿತು, ಬೇರಿಂಗ್ ಹೊಸದು ತಂದೆ.

ಇನ್ನು ಕ್ಯಾಮ್. ಚಕ್ರವನ್ನು ಮೇಲಕ್ಕೆಳೆದರೆ ಶಾಫ್ಟು ಇನ್ನೂ ಕೂದಲೆಳೆಯಷ್ಟು ಏಳುತ್ತಿತ್ತು. ಇದನ್ನು ತೆಗೆಯುವುದು ಸ್ಕ್ರೂವಿನಿಂದಲ್ಲ, ಬಾಕ್ಸಿನ ಮೇಲ್ಮುಚ್ಚಳದ ಕೆಳಗಿರುವ ತೆಳು ಬಿಲ್ಲೆಗಳಾದ ಶಿಮ್‌ಗಳಿಂದ. ಪಕ್ಕದ ಸ್ಕ್ರೂ ಸಡಿಲವಿರುವಾಗಲೇ ಮುಚ್ಚಳ ಎತ್ತಿ, ಎಲ್ಲಕ್ಕಿಂತ ತೆಳುವಾದ ಒಂದೇ ಶಿಮ್ ತೆಗೆದು ಬಿಗಿದೆ. ಎರಡನ್ನು ತೆಗೆದು ನೋಡಿದಾಗ ಚಕ್ರ ಭಾರವಾಯಿತು, ಒಂದನ್ನು ಮರಳಿ ಹಾಕಿದೆ. ಏಳುವುದು ನಿಲ್ಲಬೇಕು, ಆದರೆ ಚಕ್ರ ಎರಡು ಬೆರಳಿನಿಂದ ತಿರುಗುವಂತಿರಬೇಕು. ಈ ಕೆಲಸಕ್ಕೇ ನನಗೆ ಮಧ್ಯಾಹ್ನದಿಂದ ಸಂಜೆಯಾಯಿತು.

ಜೋಡಿಸುವಾಗ ಉಸ್ತಾದರು ಕುರ್ಚಿಯಿಂದ ಎದ್ದು ಬಂದು ಕಾಲಂ ಮೇಲೆ ಕೈ ಇಟ್ಟು ನಿಂತರು. ಬಾಕ್ಸಿನ ಬೋಲ್ಟ್, ಕ್ಲ್ಯಾಂಪ್ ಎರಡೂ ಸಡಿಲವಿಟ್ಟು ಕಾಲಂ ತಾನಾಗಿ ಕೂರಲು ಬಿಟ್ಟೆವು. ಮೊದಲು ಚಾಸಿಯ ಬೋಲ್ಟ್‌ಗಳನ್ನು ಬಿಗಿದೆ. ಆಮೇಲೆ ನೋಡಿದರೆ ಕ್ಲ್ಯಾಂಪಿನ ತೂತು ಕಾಲಂಗೆ ಸರಿಯಾಗಿ ಎದುರಾಗುತ್ತಿರಲಿಲ್ಲ. ಕಾಲಂ ಎಳೆಯುವ ಬದಲು ಬ್ರಾಕೆಟ್ಟಿನ ತೂತನ್ನೇ ಅರದಿಂದ ಉದ್ದ ಮಾಡಿ, ಕ್ಲ್ಯಾಂಪಿನೊಳಗೆ ರಬ್ಬರ್ ಪಟ್ಟಿ ಇಟ್ಟು ಕಟ್ಟಕಡೆಗೆ ಬಿಗಿದೆ. ಬಿಗಿಯುವ ಮೊದಲೂ ಬಿಗಿದ ಮೇಲೂ ಚಕ್ರ ಒಂದೇ ಹಗುರದಲ್ಲಿ ತಿರುಗಿತು. ಗಾಲಿ ನೇರವಿಟ್ಟು ಪಕ್ಕದ ಸ್ಕ್ರೂವನ್ನು, ನಡು ದಾಟುವಾಗ ಕೈಗೆ ಸಣ್ಣ ತಡೆ ತಿಳಿಯುವಷ್ಟು ಮಾತ್ರ ತಿರುಗಿಸಿ ಲಾಕ್ ನಟ್ ಹಾಕಿದೆ. ಬಾಕ್ಸಿಗೆ ದಪ್ಪ ಗೇರ್ ಆಯಿಲ್ ತುಂಬಿದೆ. ಅಲ್ಲಿ ಗ್ರೀಸ್ ತುಂಬುವವರಿದ್ದಾರೆ, ಆದರೆ ಗ್ರೀಸು ಒಮ್ಮೆ ಪಕ್ಕಕ್ಕೆ ಸರಿದರೆ ತೋಡಿನೊಳಗೆ ಮರಳಿ ಹರಿದು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಉಸ್ತಾದರನ್ನು ಕೂರಿಸಿಕೊಂಡು ತೋರಣಗಲ್ಲಿನ ದಾರಿ ಹಿಡಿದೆ. ಕುಡಿತಿನಿ ದಾಟಿದ ಅದೇ ತಿರುವಿನಲ್ಲಿ ನಿಧಾನಿಸಿ, ಮುಂದೆ ಹಿಂದೆ ಯಾರೂ ಇಲ್ಲವೆಂದು ನೋಡಿ, ಅಂಗೈ ಸಡಿಲಿಸಿದೆ. ಚಕ್ರ ಕೈಯೊಳಗಿನಿಂದ ಜಾರುತ್ತಾ ತಾನೇ ನೇರಕ್ಕೆ ಬಂದಿತು. ಈಗ ಉಳಿದಿರುವ ಪ್ಲೇ ಒಂದೂವರೆ ಬೆರಳಿನಷ್ಟು. ಅದು ಬೆಲ್ ಕ್ರ್ಯಾಂಕಿನದು (ಡ್ರ್ಯಾಗ್ ಲಿಂಕಿನ ಎಳೆತವನ್ನು ಗಾಲಿಗಳ ಸರಳುಗಳತ್ತ ತಿರುಗಿಸುವ ಕೀಲು ತೋಳು) ಎಂದು ಉಸ್ತಾದರು ಹೇಳಿದ್ದಾರೆ. ಅದರ ಬುಷ್ ಮತ್ತು ಪಿನ್ನು ತಂದಿಟ್ಟಿದ್ದೇನೆ, ಬರುವ ಭಾನುವಾರ ಬಿಚ್ಚುತ್ತೇನೆ.